ಕರಾವಳಿಯ ಸೆಕೆಯಲ್ಲಿ ಸೆಂಟು ಸಂಜೆವರೆಗೆ ಉಳಿಯಬೇಕಾದರೆ: ಗಂಡಸರಿಗೊಂದು ಸಮಗ್ರ ಮಾರ್ಗದರ್ಶಿ

"ಸುರತ್ಕಲ್‌ನಲ್ಲಿ ಬಸ್ಸು ಹತ್ತುವಾಗ ಘಮಘಮ ಅಂತಿತ್ತು. ಮಂಗಳೂರಿನ ಜ್ಯೋತಿ ಸ್ಟಾಪಿನಲ್ಲಿ ಇಳಿಯುವಾಗ ಏನೂ ಇಲ್ಲ. ನಾಲ್ಕು ಸಾವಿರ ನೀರಿಗೆ ಹಾಕಿದ ಹಾಗಾಯ್ತು." ಇದೇ ಮಾತನ್ನು ಬೇರೆ ಬೇರೆಯವರು ನನ್ನ ಹತ್ತಿರ ಹೇಳಿದ್ದಾರೆ. ಕೆಲವರು ಎರಡನೇ ಬಾಟಲಿ, ಮೂರನೇ ಬಾಟಲಿ ತಗೊಂಡು ಅದರಲ್ಲೂ ಸೋತಿದ್ದಾರೆ.

ಅವರಿಗೆಲ್ಲ ನಾನು ಕೇಳುವ ಪ್ರಶ್ನೆ ಒಂದೇ. ಸ್ನಾನ ಆಗಿ ಎಷ್ಟು ಹೊತ್ತಿಗೆ ಹಾಕಿದಿರಿ? ಹೆಚ್ಚಿನವರು ಹೇಳುವುದು "ಕೂಡಲೇ" ಅಂತ. ಅಲ್ಲೇ ಕೆಲಸ ಕೆಟ್ಟದ್ದು. ನಮ್ಮೂರಲ್ಲಿ ಸೆಂಟು ಉಳಿಯದೇ ಇರಲು ಬಾಟಲಿಗಿಂತ ದೊಡ್ಡ ಕಾರಣ ಒದ್ದೆ ಮೈ. ಅದರ ಜೊತೆಗೆ ಸರಿಯಾಗಿ ಒಣಗದ ಅಂಗಿ. ಇವೆರಡನ್ನು ಸರಿ ಮಾಡಿದರೆ ಸಾಧಾರಣ ಬೆಲೆಯ ಸೆಂಟು ಕೂಡ ಮಧ್ಯಾಹ್ನದ ಊಟ ದಾಟುತ್ತದೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಫಲ ಸಿಗುವುದಿಲ್ಲ.

ಬೇಕಾಗುವ ಸಾಮಾನು

ಚೆನ್ನಾಗಿ ಒಣಗಿದ ಹತ್ತಿಯ ಬೈರಾಸು (ಟವೆಲ್), ಫ್ಯಾನು, ವಾಸನೆ ಇಲ್ಲದ ತೆಳು ಲೋಷನ್, ಬೆವರು ತಡೆಯುವ ರೋಲ್‌ಆನ್, ನಿಮ್ಮ ಸೆಂಟು, 5 ಮಿಲಿಯ ಖಾಲಿ ಸ್ಪ್ರೇ ಬಾಟಲಿ, ಎರಡು ಕರ್ಚೀಫು. ಎರಡನೇ ಕರ್ಚೀಫು ಯಾಕೆ ಅಂತ ಏಳನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಊರಿಗೆ ತಕ್ಕ ಸೆಂಟು ಆರಿಸುವುದು

ಬಾಟಲಿಯ ಮೇಲೆ ಇಡಿಟಿ (ಓ ದ ಟ್ವಾಲೆಟ್) ಅಥವಾ ಇಡಿಪಿ (ಓ ದ ಪರ್ಫಮ್) ಅಂತ ಇರುತ್ತದೆ. ಇಡಿಟಿಯಲ್ಲಿ ಸುಗಂಧದ ಎಣ್ಣೆ ಸುಮಾರು 5ರಿಂದ 15 ಶೇಕಡಾ, ಇಡಿಪಿಯಲ್ಲಿ 15ರಿಂದ 20. ಉಳಿದದ್ದು ಮುಖ್ಯವಾಗಿ ಆಲ್ಕೋಹಾಲ್. ಅತ್ತರಿನಲ್ಲಿ ಆಲ್ಕೋಹಾಲ್ ಇಲ್ಲ, ಬರೀ ಎಣ್ಣೆ. ಹಾಗಾಗಿ ಅದು ಮೈಯಿಂದ ನಿಧಾನವಾಗಿ ಬಿಡುತ್ತದೆ.

ಆದರೆ ಈ ಅಕ್ಷರಗಳನ್ನಷ್ಟೇ ನಂಬಿ ದುಡ್ಡು ಕೊಡಬೇಡಿ. ಒಳಗೆ ಯಾವ ಪರಿಮಳ ಇದೆ ಅನ್ನುವುದು ಇನ್ನೂ ಮುಖ್ಯ. ಲಿಂಬೆ, ಕಿತ್ತಳೆ, ಪುದೀನದ ಪರಿಮಳ ತುಂಬ ಹಗುರ. ಅರ್ಧ ಗಂಟೆಯಲ್ಲಿ ಹಾರಿಹೋಗುತ್ತದೆ. ಹೂವು ಮತ್ತು ಮಸಾಲೆಯ ಪರಿಮಳ ಎರಡು ಮೂರು ಗಂಟೆ ನಿಲ್ಲುತ್ತದೆ. ಶ್ರೀಗಂಧ, ಲಾವಂಚ, ದೇವದಾರು, ಊದ್ (ಅಗರು), ಕಸ್ತೂರಿಯಂಥ ಪರಿಮಳ, ವೆನಿಲಾ ಇವು ಭಾರದವು. ಸಂಜೆವರೆಗೆ ಉಳಿಯುವುದು ಇವೇ. ಬರೀ ಲಿಂಬೆಯ ಇಡಿಪಿಗಿಂತ ಲಾವಂಚದ ಇಡಿಟಿ ಜಾಸ್ತಿ ಹೊತ್ತು ನಿಲ್ಲುವುದು ಇದೇ ಕಾರಣಕ್ಕೆ.

ಹಾಗಂತ ಗಲ್ಫ್‌ನಿಂದ ಬಂದ ಮಾವ ಕೊಟ್ಟ ದಪ್ಪ ಊದ್ ಸೆಂಟನ್ನು ಏಪ್ರಿಲ್ ತಿಂಗಳ ಮಧ್ಯಾಹ್ನ ಹಾಕಬೇಡಿ. ಅಲ್ಲಿ ಎಸಿ ಕೋಣೆಯಿಂದ ಎಸಿ ಕಾರಿಗೆ ಹೋಗುವವರಿಗೆ ಅದು ಸರಿ. ಇಲ್ಲಿ ಸಿಟಿ ಬಸ್ಸಿನಲ್ಲಿ ನಿಂತವರಿಗೆ ಆ ಸಿಹಿ ಘಾಟು ತಲೆನೋವು ತರುತ್ತದೆ. ಮದುವೆಗೆ, ರಾತ್ರಿಯ ಯಕ್ಷಗಾನ ಆಟಕ್ಕೆ, ಡಿಸೆಂಬರ್‌ನ ಸಂಜೆಗೆ ಅದನ್ನು ಇಟ್ಟುಕೊಳ್ಳಿ. ದಿನನಿತ್ಯಕ್ಕೆ ನನ್ನ ಆಯ್ಕೆ ಮೇಲೆ ಸ್ವಲ್ಪ ಲಿಂಬೆ, ಅಡಿಯಲ್ಲಿ ಲಾವಂಚ ಅಥವಾ ಶ್ರೀಗಂಧ ಇರುವ ಸೆಂಟು. ಮಡಕೆ ನೀರಿಗೆ ಲಾವಂಚದ ಬೇರು ಹಾಕಿ ಕುಡಿದವರಿಗೆ ಆ ತಂಪು ಗೊತ್ತೇ ಇದೆ.

ಅಂಗಡಿಯಲ್ಲಿ ಕಾಗದದ ಪಟ್ಟಿಗೆ ಹಾಕಿ ಮೂಸಿ ತೀರ್ಮಾನ ಮಾಡುವುದು ದೊಡ್ಡ ತಪ್ಪು. ಆಗ ನಿಮಗೆ ಸಿಗುವುದು ಆ ಹಗುರ ಪರಿಮಳ ಮಾತ್ರ. ಮೊಣಕೈ ಒಳಗೆ ಒಂದು ಸಲ ಹಾಕಿಸಿಕೊಳ್ಳಿ. ದುಡ್ಡು ಕೊಡದೆ ಹೊರಗೆ ಬನ್ನಿ. ಹಂಪನಕಟ್ಟೆಯ ಬಿಸಿಲಲ್ಲಿ ಒಂದು ಸುತ್ತು ಹಾಕಿ, ಬಸ್ಸಿನಲ್ಲಿ ಮನೆಗೆ ಹೋಗಿ, ನಾಲ್ಕು ಗಂಟೆ ಬಿಟ್ಟು ಮೂಸಿ ನೋಡಿ. ಆಗಲೂ ಇಷ್ಟ ಆದರೆ ಮರುದಿನ ಹೋಗಿ ತಗೊಳ್ಳಿ. ಅಷ್ಟರಲ್ಲಿ ಆ ಜಾಗ ಕೆಂಪಾದರೆ ಅಥವಾ ತುರಿಸಿದರೆ ಆ ಸೆಂಟು ನಿಮಗಲ್ಲ.

ಹಂತ 2: ಹಿಂದಿನ ರಾತ್ರಿಯ ಎರಡು ಕೆಲಸ

ಮೊದಲನೆಯದು ಕಂಕುಳು. ಬೆವರು ತಡೆಯುವ ರೋಲ್‌ಆನ್‌ನಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಅದು ಬೆವರಿನ ರಂಧ್ರದ ಬಾಯಿಯನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ರಾತ್ರಿ ಬೆವರು ಕಮ್ಮಿ ಇರುವುದರಿಂದ ಆಗ ಒಣ ಕಂಕುಳಿಗೆ ಹಚ್ಚಿದರೆ ಚೆನ್ನಾಗಿ ಕೂರುತ್ತದೆ. ಬೆಳಿಗ್ಗೆ ಸ್ನಾನ ಮಾಡಿದರೂ ಕೆಲಸ ಮಾಡುತ್ತದೆ. ಬೆಳಿಗ್ಗೆ ಬೆವರುತ್ತಿರುವಾಗ ಹಚ್ಚಿದರೆ ಅರ್ಧ ಬನಿಯನ್ನಿಗೆ ಹೋಗುತ್ತದೆ. ಕೂದಲು ತೆಗೆದ ದಿನ ಮಾತ್ರ ಹಚ್ಚಬೇಡಿ, ಉರಿಯುತ್ತದೆ.

ಡಿಯೋ ಬೇರೆ, ಇದು ಬೇರೆ. ಡಿಯೋ ವಾಸನೆಯನ್ನು ಮುಚ್ಚುತ್ತದೆ, ಬೆವರು ನಿಲ್ಲಿಸುವುದಿಲ್ಲ. ಬೆವರಿಗೆ ತನ್ನದೇ ಆದ ವಾಸನೆ ಇಲ್ಲವೆಂದೇ ಹೇಳಬಹುದು. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ.

ಎರಡನೆಯದು ಅಂಗಿ. ನಾಳೆ ಹಾಕುವ ಅಂಗಿಯನ್ನು ಈಗಲೇ ತೆಗೆದು ಕಂಕುಳ ಭಾಗ ಮತ್ತು ಕಾಲರ್ ಮೂಸಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆ ಒಣಗುವುದು ಮನೆಯೊಳಗಿನ ಹಗ್ಗದಲ್ಲಿ, ಎರಡು ಮೂರು ದಿನಕ್ಕೆ. ಕೈಗೆ ಒಣಗಿದ ಹಾಗೆ ಅನಿಸುತ್ತದೆ. ಆದರೆ ಕಾಲರ್ ಮಡಿಕೆ ಮತ್ತು ಗುಂಡಿಪಟ್ಟಿಯ ಒಳಗೆ ತೇವ ಉಳಿದಿರುತ್ತದೆ. ಬೆರಳಲ್ಲಿ ಒತ್ತಿದರೆ ತಣ್ಣಗೆ ಅನಿಸುತ್ತದೆ. ಅಂಥ ಅಂಗಿ ಹಾಕಿ ಅರ್ಧ ಗಂಟೆ ನಡೆದರೆ ಮೈ ಬಿಸಿಗೆ ಆ ಮುಗ್ಗಲು ವಾಸನೆ ಎದ್ದು ಬರುತ್ತದೆ. ಅದರ ಮೇಲೆ ಎಷ್ಟು ಒಳ್ಳೆ ಸೆಂಟು ಹೊಡೆದರೂ ಒದ್ದೆ ಗೋಣಿಗೆ ಹೂವು ಇಟ್ಟ ಹಾಗೆ.

ಪರಿಹಾರ ಸುಲಭ. ಮುಗ್ಗಲು ಬಂದ ಅಂಗಿಯನ್ನು ಇನ್ನೊಮ್ಮೆ ಒಗೆಯಿರಿ. ಕೊನೆಯ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿ ಜಾಲಾಡಿ, ಫ್ಯಾನಿನ ಅಡಿ ಒಣಗಿಸಿ. ಆಮೇಲೆ ಕಾಲರ್, ಗುಂಡಿಪಟ್ಟಿ, ಕಂಕುಳ ಹೊಲಿಗೆ ಇಷ್ಟಕ್ಕೆ ಇಸ್ತ್ರಿ ಪೆಟ್ಟಿಗೆಯನ್ನು ನಿಧಾನವಾಗಿ ಎಳೆಯಿರಿ. ಆವಿ ಬರುವುದು ನಿಲ್ಲುವವರೆಗೆ. ಪಾಲಿಯೆಸ್ಟರ್ ಅಂಗಿ ಬೆವರಿನ ವಾಸನೆಯನ್ನು ಹತ್ತಿಗಿಂತ ಜಾಸ್ತಿ ಹಿಡಿದಿಡುತ್ತದೆ. ಹಾಗಾಗಿ ಸೆಕೆಗಾಲಕ್ಕೆ ಹತ್ತಿಯೇ ಆಗಬೇಕು.

ಹಂತ 3: ಸ್ನಾನ, ಆಮೇಲೆ ಹತ್ತು ನಿಮಿಷ

"ಸ್ನಾನ ಮಾಡಿ ಮೈ ಒದ್ದೆ ಇರುವಾಗಲೇ ಹಾಕಿ" ಅಂತ ಎಷ್ಟೋ ವಿಡಿಯೋಗಳಲ್ಲಿ ಹೇಳುತ್ತಾರೆ. ಅದು ಚಳಿಯ, ಒಣ ಹವೆಯ ಊರಿನ ಮಾತು. ಅಲ್ಲಿ ಚರ್ಮ ಒಣಗಿ ಬಿರುಕು ಬಿಡುತ್ತದೆ, ಸ್ವಲ್ಪ ತೇವ ಬೇಕು. ಮಂಗಳೂರಲ್ಲಿ ಏನಾಗುತ್ತದೆ? ಬಿಸಿನೀರು ಹೊಯ್ದುಕೊಂಡು ಬಚ್ಚಲಿನಿಂದ ಹೊರಗೆ ಬಂದರೆ ಹಣೆಯಲ್ಲಿ ಮತ್ತೆ ಬೆವರು. ಗಾಳಿಯಲ್ಲೇ ತೇವ ತುಂಬಿರುವುದರಿಂದ ಆ ಬೆವರು ಆರುವುದಿಲ್ಲ, ಇಳಿಯುತ್ತದೆ. ಅದರ ಮೇಲೆ ಹಾಕಿದ ಸೆಂಟು ಬೆವರಿನ ಜೊತೆ ಬನಿಯನ್ನಿಗೆ ಇಳಿದುಹೋಗುತ್ತದೆ.

ಆದ್ದರಿಂದ ಹೀಗೆ ಮಾಡಿ. ಬಿಸಿನೀರಲ್ಲಿ ಸ್ನಾನ ಮಾಡಿದರೂ ಕೊನೆಗೆ ಎರಡು ಚೆಂಬು ತಣ್ಣೀರು ಹೊಯ್ದುಕೊಳ್ಳಿ. ಬೈರಾಸಿನಲ್ಲಿ ಉಜ್ಜಬೇಡಿ, ಒತ್ತಿ ಒರೆಸಿ. ಕುತ್ತಿಗೆಯ ಹಿಂಭಾಗ, ಕಿವಿಯ ಹಿಂದೆ, ಎದೆ, ಮೊಣಕೈ ಒಳಗೆ ಇವನ್ನು ಬಿಡಬೇಡಿ. ಆಮೇಲೆ ಅಂಗಿ ಹಾಕದೆ ಫ್ಯಾನಿನ ಅಡಿ ಹತ್ತು ನಿಮಿಷ ಇರಿ. ಮಾರ್ಚ್‌ನಿಂದ ಮೇವರೆಗೆ ಹದಿನೈದು ನಿಮಿಷ. ಆ ಹೊತ್ತಿನಲ್ಲಿ ತಿಂಡಿ ತಿನ್ನಿ, ಪೇಪರ್ ಓದಿ.

ಸಿದ್ಧ ಆಯ್ತಾ ಅಂತ ನೋಡುವುದು ಹೇಗೆ? ಅಂಗೈ ಹಿಂಭಾಗವನ್ನು ಎದೆಯ ಮೇಲೆ ಇಟ್ಟು ಎಳೆಯಿರಿ. ಅಂಟಿದರೆ ಇನ್ನೂ ಬೇಡ. ಜಾರಿದರೆ ಮುಂದಿನ ಹಂತಕ್ಕೆ ಹೋಗಿ.

ಈ ಹತ್ತು ನಿಮಿಷವನ್ನೇ ಜನ ಬಿಡುವುದು. "ಬಸ್ಸಿಗೆ ತಡವಾಗುತ್ತದೆ" ಅಂತಾರೆ. ತಡವಾಗುವ ದಿನ ಮನೆಯಲ್ಲಿ ಸೆಂಟು ಹಾಕಲೇಬೇಡಿ. ಚೀಲದಲ್ಲಿ ತಗೊಂಡು ಹೋಗಿ, ಕೆಲಸದ ಜಾಗದಲ್ಲಿ ಬೆವರು ಆರಿದ ಮೇಲೆ ಹಾಕಿ.

ಸೋಪಿನ ವಿಷಯವೂ ಇಲ್ಲೇ ಹೇಳುತ್ತೇನೆ. ಮೈಸೂರು ಸ್ಯಾಂಡಲ್‌ನಂಥ ಗಂಧದ ಸೋಪು ಮರದ ಪರಿಮಳದ ಸೆಂಟಿಗೆ ಹೊಂದುತ್ತದೆ. ಆದರೆ ಒಂದು ವಾಸನೆಯ ಸೋಪು, ಇನ್ನೊಂದರ ಪೌಡರ್, ಮತ್ತೊಂದರ ಡಿಯೋ, ತಲೆಗೆ ತೆಂಗಿನೆಣ್ಣೆ, ಅದರ ಮೇಲೆ ಸೆಂಟು ಹೀಗಾದರೆ ಯಾವುದೂ ಗೊತ್ತಾಗುವುದಿಲ್ಲ. ತೆಂಗಿನೆಣ್ಣೆಯನ್ನು ರಾತ್ರಿ ಹಚ್ಚಿ, ಬೆಳಿಗ್ಗೆ ತಲೆ ತೊಳೆಯಿರಿ.

ಹಂತ 4: ತೆಳು ಲೋಷನ್

ಎಣ್ಣೆಯಂಶ ಇರುವ ಚರ್ಮ ಪರಿಮಳವನ್ನು ಹಿಡಿದಿಡುತ್ತದೆ. ತೀರಾ ಒಣ ಚರ್ಮ ಬೇಗ ಬಿಟ್ಟುಬಿಡುತ್ತದೆ. ಹಾಗಾಗಿ ಸೆಂಟು ಹಾಕುವ ಜಾಗಕ್ಕೆ ಮಾತ್ರ ಕಡಲೆಕಾಳಿನಷ್ಟು ಲೋಷನ್ ಹಚ್ಚಿ, ಎರಡು ನಿಮಿಷ ಬಿಡಿ. ವ್ಯಾಸಲೀನ್ ಕೂಡ ಕೆಲಸ ಮಾಡುತ್ತದೆ, ಆದರೆ ಸೆಕೆಗೆ ಅಂಟು. ಡಿಸೆಂಬರ್, ಜನವರಿಗೆ ಸಾಕು.

ಹಂತ 5: ಎಲ್ಲಿ, ಎಷ್ಟು, ಎಷ್ಟು ದೂರದಿಂದ

ಬಾಟಲಿಯನ್ನು ಒಂದು ಗೇಣು ದೂರ ಹಿಡಿಯಿರಿ. ತೀರಾ ಹತ್ತಿರ ಹಿಡಿದರೆ ಒಂದೇ ಕಡೆ ಒದ್ದೆಯಾಗಿ ಹರಿಯುತ್ತದೆ. ದೂರ ಹಿಡಿದರೆ ಅರ್ಧ ಫ್ಯಾನಿನ ಗಾಳಿಗೆ ಹೋಗುತ್ತದೆ. ಹಾಕುವಾಗ ಫ್ಯಾನು ನಿಲ್ಲಿಸಿ. ದೇವರ ದೀಪ ಅಥವಾ ಒಲೆಯ ಹತ್ತಿರ ಖಂಡಿತ ಹಾಕಬೇಡಿ. ಆಲ್ಕೋಹಾಲ್ ಬೆಂಕಿ ಹಿಡಿಯುತ್ತದೆ.

ದಿನನಿತ್ಯಕ್ಕೆ ನಾಲ್ಕು ಒತ್ತು ಸಾಕು. ಎದೆಗೆ ಒಂದು, ಕುತ್ತಿಗೆಯ ಬುಡಕ್ಕೆ ಒಂದು, ಎರಡೂ ಮೊಣಕೈ ಒಳಗೆ ಒಂದೊಂದು. ಎದೆಯದ್ದು ಅಂಗಿಯ ಒಳಗೆ ಬೆಚ್ಚಗೆ ಇದ್ದು ನಿಧಾನವಾಗಿ ಮೇಲೆ ಬರುತ್ತದೆ, ಅದೇ ಸಂಜೆವರೆಗೆ ಉಳಿಯುವುದು. ಮಣಿಕಟ್ಟಿಗೆ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಕೈಯಲ್ಲಿ ಊಟ ಮಾಡುವವರು ನಾವು. ಊಟಕ್ಕೆ ಮೊದಲು, ಊಟ ಆದ ಮೇಲೆ ಕೈ ತೊಳೆಯುವಾಗ ಅದು ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ಮೀನು ಸಾರಿನ ಜೊತೆ ಸೆಂಟಿನ ವಾಸನೆ ಮೂಗಿಗೆ ಹೊಡೆಯುತ್ತದೆ.

ಹಾಕಿದ ಮೇಲೆ ಉಜ್ಜಬೇಡಿ. ಒಂದು ನಿಮಿಷ ಬಿಡಿ, ಆಲ್ಕೋಹಾಲ್ ಹಾರಿ ಎಣ್ಣೆ ಕೂರಲಿ. ಆಮೇಲೆ ಬನಿಯನ್.

ಒಂದು ಲೆಕ್ಕ ಹೇಳುತ್ತೇನೆ. ಒಂದು ಒತ್ತಿಗೆ ಸುಮಾರು 0.1 ಮಿಲಿ ಬರುತ್ತದೆ. 100 ಮಿಲಿ ಬಾಟಲಿ ಅಂದರೆ ಸುಮಾರು 1,000 ಒತ್ತು. ದಿನಕ್ಕೆ ನಾಲ್ಕರಂತೆ 250 ದಿನ. ನಿಮ್ಮ ಬಾಟಲಿ ಮೂರೇ ತಿಂಗಳಲ್ಲಿ ಮುಗಿಯುತ್ತಿದ್ದರೆ ನೀವು ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಒತ್ತುತ್ತಿದ್ದೀರಿ ಅಂತ ಅರ್ಥ.

ಹಾಕಬಾರದ ಜಾಗಗಳೂ ಇವೆ. ಆಗಷ್ಟೇ ಶೇವ್ ಮಾಡಿದ ಗಲ್ಲ, ಕಂಕುಳು, ಗಾಯ. ಬೈಕಿನವರು ಕುತ್ತಿಗೆಯ ಹಿಂದೆ ಮತ್ತು ಕೂದಲಿಗೆ ಹಾಕಬೇಡಿ. ಹೆಲ್ಮೆಟ್ಟಿನ ಸ್ಪಂಜು ಅದನ್ನೂ ಬೆವರನ್ನೂ ಹೀರಿ ವಾರದಲ್ಲಿ ಹುಳಿ ವಾಸನೆ ಹಿಡಿಯುತ್ತದೆ. ಮಲ್ಪೆ, ಪಣಂಬೂರು ಬೀಚಿಗೆ ಹಗಲು ಹೊತ್ತು ಹೋಗುವುದಾದರೆ ಬಿಸಿಲು ಬೀಳುವ ಕುತ್ತಿಗೆಗೆ ಬೇಡ. ಲಿಂಬೆ ಜಾತಿಯ ಕೆಲವು ಎಣ್ಣೆಗಳು ಬಿಸಿಲು ತಾಗಿದರೆ ಚರ್ಮದಲ್ಲಿ ಕಪ್ಪು ಕಲೆ ಮಾಡುತ್ತವೆ. ಉಡುಪಿ ಕೃಷ್ಣಮಠಕ್ಕೆ ಹೋಗುವ ದಿನ ಗಂಡಸರು ಅಂಗಿ ತೆಗೆದು ಸಾಲಿನಲ್ಲಿ ಒತ್ತೊತ್ತಾಗಿ ನಿಲ್ಲಬೇಕು. ಅವತ್ತು ಸೆಂಟು ಬಿಟ್ಟುಬಿಡುವುದೇ ಒಳ್ಳೆಯದು, ದರ್ಶನ ಮುಗಿಸಿ ಅಂಗಿ ಹಾಕಿದ ಮೇಲೆ ಬೇಕಾದರೆ ಹಾಕಿ.

ಹಂತ 6: ಅಂಗಿಗೆ ಒಂದು ಒತ್ತು

ಬಟ್ಟೆ ಬಿಸಿಯಾಗುವುದು ಮೈಯಷ್ಟು ಬೇಗ ಅಲ್ಲ. ಹಾಗಾಗಿ ಪರಿಮಳ ಅದರಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಹತ್ತಿ ಅಂಗಿಯ ಎದೆ ಭಾಗದಲ್ಲಿ, ಒಳಮೈಗೆ, ಒಂದು ಒತ್ತು ಹಾಕಿ. ಎರಡು ನಿಮಿಷ ಆರಲು ಬಿಟ್ಟು ಹಾಕಿಕೊಳ್ಳಿ. ಕಾಲರಿಗೆ ಬೇಡ. ಅದು ಮೊದಲು ಬೆವರುವ ಜಾಗ.

ರೇಷ್ಮೆ ಪಂಚೆ, ರೇಷ್ಮೆ ಶಾಲು, ಬಿಳಿ ಮುಂಡು ಇವುಗಳಿಗೆ ತಾಗಿಸಬೇಡಿ. ಅಣ್ಣನ ಮದುವೆಯ ದಿನ ನಾನು ಕೆನೆ ಬಣ್ಣದ ರೇಷ್ಮೆ ಅಂಗಿಗೆ ಅತ್ತರಿನ ಕಡ್ಡಿಯನ್ನು ನೇರ ಎಳೆದಿದ್ದೆ. ಜೇಬಿನ ಮೇಲೆ ಐದು ರೂಪಾಯಿ ನಾಣ್ಯದಷ್ಟು ಎಣ್ಣೆ ಕಲೆ. ಅದರ ಸುತ್ತ ಹಳದಿ ಅಂಚು. ಎರಡು ಸಲ ಡ್ರೈಕ್ಲೀನಿಂಗ್‌ಗೆ ಕೊಟ್ಟರೂ ಆ ಅಂಚು ಹೋಗಲಿಲ್ಲ. ಅತ್ತರನ್ನು ಚರ್ಮಕ್ಕೆ ಮಾತ್ರ ಹಚ್ಚಿ. ಕಡ್ಡಿಯ ತುದಿಯನ್ನು ಬಾಟಲಿಯ ಬಾಯಿಗೆ ಒರೆಸಿ, ಒಂದು ಚುಕ್ಕಿ ಎದೆಗೆ, ಒಂದು ಕಿವಿಯ ಹಿಂದೆ. ಅಷ್ಟೇ.

ಹಂತ 7: ಮಧ್ಯಾಹ್ನದ ಎರಡನೇ ಸುತ್ತು

ನಮ್ಮ ಹವೆಯಲ್ಲಿ ಬೆಳಿಗ್ಗೆ ಏಳಕ್ಕೆ ಹಾಕಿದ್ದು ರಾತ್ರಿ ಎಂಟರವರೆಗೆ ಹಾಗೇ ಇರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಐದಾರು ಗಂಟೆ ನಿಂತರೆ ಒಳ್ಳೆಯ ಸೆಂಟು. ಮಧ್ಯಾಹ್ನ ಒಮ್ಮೆ ಹಾಕಬೇಕು. ಅದು ಸೋಲಲ್ಲ, ಕ್ರಮ.

ಆದರೆ ಇಲ್ಲೂ ಅದೇ ತಪ್ಪು ಮಾಡುತ್ತಾರೆ. ಬೆವರಿನ ಮೇಲೆ ನೇರವಾಗಿ ಹೊಡೆಯುತ್ತಾರೆ. ಬೆವರು ಮತ್ತು ಸೆಂಟು ಸೇರಿದ ವಾಸನೆ ಬರೀ ಬೆವರಿಗಿಂತ ಕೆಟ್ಟದ್ದು.

ಮೊದಲ ಕರ್ಚೀಫನ್ನು ನೀರಲ್ಲಿ ಹಿಂಡಿ ಕುತ್ತಿಗೆ, ಎದೆ, ಮೊಣಕೈ ಒಳಗೆ ಒರೆಸಿ. ಎರಡನೇ ಒಣ ಕರ್ಚೀಫಿನಿಂದ ಒತ್ತಿ ಆರಿಸಿ. ಐದು ನಿಮಿಷ ಫ್ಯಾನು ಅಥವಾ ಎಸಿ ಅಡಿ ನಿಲ್ಲಿ. ಆಮೇಲೆ 5 ಮಿಲಿ ಬಾಟಲಿಯಿಂದ ಎರಡೇ ಒತ್ತು. ಬೆಳಗ್ಗಿನ ಅಡಿ ಪರಿಮಳ ಸ್ವಲ್ಪ ಉಳಿದಿರುವುದರಿಂದ ಎರಡು ಸಾಕು. ಕೋಣೆಯೊಳಗೆ ಎಲ್ಲರ ಮಧ್ಯೆ ಹಾಕಬೇಡಿ, ಹೊರಗೆ ಹೋಗಿ.

ಮಳೆಗಾಲದಲ್ಲಿ ನನ್ನ ಮಾತು ಬೇರೆ. ಆಗ ಮನೆಯಲ್ಲಿ ಹಾಕುವುದೇ ಬೇಡ. ರೈನ್‌ಕೋಟಿನ ಒಳಗೆ ಮೈ ಬೇಯುತ್ತದೆ. ಮಣಿಪಾಲದ ಏರು ಹತ್ತಿ ಕೋಟು ತೆಗೆದಾಗ ಒಳಗಿನ ಅಂಗಿ ಮಳೆಗಿಂತ ಬೆವರಿಗೆ ಒದ್ದೆಯಾಗಿರುತ್ತದೆ. ಚೀಲದಲ್ಲಿ ಪ್ಲಾಸ್ಟಿಕ್ ಸುತ್ತಿದ ಒಣ ಬನಿಯನ್ ಇಟ್ಟುಕೊಳ್ಳಿ. ತಲುಪಿದ ಮೇಲೆ ಒರೆಸಿ, ಬನಿಯನ್ ಬದಲಿಸಿ, ಆಮೇಲೆ ಸೆಂಟು.

ಹಂತ 8: ನಿಮ್ಮ ಮೂಗನ್ನು ನಂಬಬೇಡಿ

ಒಂದೇ ಪರಿಮಳದಲ್ಲಿ ಸ್ವಲ್ಪ ಹೊತ್ತು ಇದ್ದರೆ ಮೂಗು ಅದನ್ನು ಲೆಕ್ಕಕ್ಕೆ ತಗೊಳ್ಳುವುದು ನಿಲ್ಲಿಸುತ್ತದೆ. ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುವವರಿಗೆ ಆ ವಾಸನೆ ಗೊತ್ತಾಗದ ಹಾಗೆ. "ಹೋಯ್ತು" ಅಂತ ನೀವು ಅಂದುಕೊಂಡಾಗ ಪಕ್ಕದವರಿಗೆ ಚೆನ್ನಾಗಿಯೇ ಬರುತ್ತಿರುತ್ತದೆ.

ಇದನ್ನು ನಾನು ಕಲಿತದ್ದು ಉಡುಪಿಯಿಂದ ಮಂಗಳೂರಿಗೆ ಬರುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ. ವಾಸನೆ ಕಮ್ಮಿಯಾಯ್ತು ಅಂತ ಹತ್ತುವ ಮೊದಲು ಮತ್ತೆ ನಾಲ್ಕು ಒತ್ತು ಹಾಕಿದ್ದೆ. ಪಕ್ಕದ ಸೀಟಿನ ಅಮ್ಮ ಕಾಪುವಿನ ಹತ್ತಿರ ಸೆರಗನ್ನು ಮೂಗಿಗೆ ಹಿಡಿದರು. ಪಡುಬಿದ್ರಿಯಲ್ಲಿ ಎದ್ದು ಹೋಗಿ ಬಾಗಿಲ ಹತ್ತಿರ ನಿಂತರು, ಸೀಟು ಖಾಲಿ ಇದ್ದರೂ. ಅವರು ಒಂದು ಮಾತೂ ಆಡಲಿಲ್ಲ. ಅವತ್ತಿನಿಂದ ಬಸ್ಸು ಹತ್ತುವ ಮೊದಲು ನಾನು ಹಾಕುವುದಿಲ್ಲ.

ಪರೀಕ್ಷೆ ಮಾಡುವುದು ಹೀಗೆ. ಮೂರು ಗಂಟೆ ಬಿಟ್ಟು ಮನೆಯವರನ್ನೋ ಗೆಳೆಯನನ್ನೋ ಕೇಳಿ. ಕೈ ಚಾಚಿದಷ್ಟು ದೂರದಿಂದ ಬರುತ್ತಿದ್ದರೆ ಸರಿಯಾಗಿದೆ. ಕೋಣೆಯ ಬಾಗಿಲಿನಿಂದಲೇ ಬರುತ್ತಿದ್ದರೆ ಜಾಸ್ತಿ. ಆಸ್ಪತ್ರೆ, ತರಗತಿ, ಮುಚ್ಚಿದ ಎಸಿ ಕೋಣೆಗೆ ಹೋಗುವ ದಿನ ಎರಡು ಒತ್ತಿಗೆ ಇಳಿಸಿ. ಉಬ್ಬಸ, ಅರೆತಲೆನೋವು ಇರುವವರು ಮನೆಯಲ್ಲಿದ್ದರೆ ಅವರನ್ನು ಮೊದಲೇ ಕೇಳಿ.

ಕೆಲಸ ಕೆಡುತ್ತಿದೆ ಅನ್ನುವ ಸೂಚನೆಗಳು

ಹಾಕಿದ ಜಾಗದಲ್ಲಿ ಉರಿ, ಕೆಂಪು, ಸಣ್ಣ ಗುಳ್ಳೆ ಬಂದರೆ ತಕ್ಷಣ ಸೋಪು ಹಾಕಿ ತೊಳೆದು ಆ ಸೆಂಟು ನಿಲ್ಲಿಸಿ. ಕಮ್ಮಿಯಾಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಒಂದು ಗಂಟೆಯಲ್ಲಿ ಹುಳಿ ವಾಸನೆ ಬಂದರೆ ತಪ್ಪು ಅಂಗಿಯಲ್ಲಿದೆ, ಎರಡನೇ ಹಂತಕ್ಕೆ ಹೋಗಿ. ಹಾಕಿದ ಹತ್ತು ನಿಮಿಷ ಭಾರೀ ಘಾಟು, ಆಮೇಲೆ ಬರೀ ಸ್ಪಿರಿಟ್ಟಿನ ವಾಸನೆ ಬಂದು ಏನೂ ಉಳಿಯದಿದ್ದರೆ ಬಾಟಲಿ ನಕಲಿ ಇರಬಹುದು. ಪೆಟ್ಟಿಗೆಯ ಮೇಲಿನ ಬ್ಯಾಚ್ ನಂಬರ್ ಮತ್ತು ಬಾಟಲಿಯ ಅಡಿಯ ನಂಬರ್ ಒಂದೇ ಇದೆಯಾ ನೋಡಿ.

ಬಾಟಲಿ ಇಡುವ ಜಾಗ

ಸೆಂಟನ್ನು ಕೆಡಿಸುವುದು ಬಿಸಿ, ಬೆಳಕು ಮತ್ತು ಗಾಳಿ. ಬಚ್ಚಲಿನ ಕಪಾಟು, ಕಿಟಕಿ ಪಕ್ಕದ ಕನ್ನಡಿ ಮುಂದೆ, ಕಾರಿನ ಡ್ಯಾಶ್‌ಬೋರ್ಡ್, ಸ್ಕೂಟರಿನ ಸೀಟಿನ ಅಡಿ ಇವೆಲ್ಲ ತಪ್ಪು ಜಾಗ. ಬಿಸಿಲಲ್ಲಿ ನಿಂತ ವಾಹನದೊಳಗೆ ಇಡುವುದು ಅಪಾಯವೂ ಹೌದು. ಅದರದ್ದೇ ಪೆಟ್ಟಿಗೆಯಲ್ಲಿ ಹಾಕಿ, ಅಲ್ಮೇರದ ಒಳಗೆ ಇಡಿ. ನುಸಿಗುಳಿಗೆಯ ಹತ್ತಿರ ಬೇಡ. ಬಜ್ಪೆ ವಿಮಾನ ನಿಲ್ದಾಣದಿಂದ ಗಲ್ಫ್‌ಗೆ ಹೋಗುವವರು 100 ಮಿಲಿಗಿಂತ ದೊಡ್ಡ ಬಾಟಲಿಯನ್ನು ಕೈಚೀಲದಲ್ಲಿ ಇಡದೆ, ಚೆಕ್‌ಇನ್ ಬ್ಯಾಗಿಗೆ ಹಾಕಿ.

ಸ್ವಲ್ಪವೇ ಉಳಿದ ಬಾಟಲಿ ಬೇಗ ಕೆಡುತ್ತದೆ, ಒಳಗೆ ಗಾಳಿ ಜಾಸ್ತಿ ಇರುವುದರಿಂದ. ತಿಳಿ ಬಣ್ಣ ಗಾಢವಾಗಿದ್ದರೆ, ಮೊದಲ ವಾಸನೆಯೇ ಹುಳಿ ಅಥವಾ ನೈಲ್ ಪಾಲಿಶ್ ಥರ ಇದ್ದರೆ ಅದನ್ನು ಮೈಗೆ ಹಾಕಬೇಡಿ. ಕಾಲು ಭಾಗಕ್ಕೆ ಇಳಿದ ಕೂಡಲೇ ಅದನ್ನು 5 ಮಿಲಿ ಬಾಟಲಿಗಳಿಗೆ ಬಾಯಿವರೆಗೆ ತುಂಬಿಸಿ ಇಟ್ಟರೆ, ಉಳಿದದ್ದು ಹಾಳಾಗದೆ ಮಧ್ಯಾಹ್ನದ ಸುತ್ತಿಗೆ ಒದಗುತ್ತದೆ.